ಬ್ರಾಕೆಟ್ ಮರೆತರೆ ಸಜ್ಜೆಯೂ ತೊಗರಿಯ ಲೆಕ್ಕಕ್ಕೆ

2024-25ರ ತೊಗರಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಲಿಂಗಸುಗೂರು ಎಪಿಎಂಸಿಯಲ್ಲಿ ಎಷ್ಟು ದಿನ ತೊಗರಿ ಅದಕ್ಕಿಂತ ಕೆಳಗೆ ಹೋಯಿತು? ಮಳೆಯನ್ನೇ ನೆಚ್ಚಿ ತೊಗರಿ, ಸಜ್ಜೆ ಬಿತ್ತುವ ಸೀಮೆಯಲ್ಲಿ ಇದು ಯಾರ ಬಾಯಲ್ಲಾದರೂ ಬರುವ ಪ್ರಶ್ನೆ. ಉತ್ತರ ಮಾರುಕಟ್ಟೆ ದರದ ಪಟ್ಟಿಯಲ್ಲೇ ಇದೆ. ಒಂದೊಂದು ಸಾಲಿನಲ್ಲೂ ದಿನಾಂಕ, ಮಾರುಕಟ್ಟೆ, ಬೆಳೆ, ಕನಿಷ್ಠ, ಗರಿಷ್ಠ ಮತ್ತು ಮಾದರಿ ದರ ಇರುತ್ತವೆ. ಆದರೆ ರಾಜ್ಯದ ಪಟ್ಟಿ ಎಂದರೆ ಸಾವಿರಾರು ಸಾಲು. ಬೆರಳಿಟ್ಟು ಹುಡುಕುತ್ತ ಕೂತರೆ ಮುಂದಿನ ಹಂಗಾಮು ಬಂದೀತು.

ಕಂಪ್ಯೂಟರಿನ ಪೈಥಾನ್ ಭಾಷೆಯಲ್ಲಿ ಇಂಥ ಕೆಲಸಕ್ಕೆಂದೇ ಪಾಂಡಾಸ್ ಎಂಬ ಸಲಕರಣೆ ಇದೆ. ಅಮೆರಿಕದ ವೆಸ್ ಮೆಕಿನ್ನಿ 2008ರಲ್ಲಿ ಹಣಕಾಸಿನ ಲೆಕ್ಕಾಚಾರಕ್ಕಾಗಿ ಅದನ್ನು ಬರೆಯತೊಡಗಿದರು. ಪೈಥಾನ್ ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಹಾಗಾಗಿ, ಮಾದರಿ ದರದ ಅಂಕಣವನ್ನು ‘ದರ’ ಎಂದು ಕರೆದು, ನಮ್ಮ ಪ್ರಶ್ನೆಯನ್ನು ಹೀಗೆ ಬರೆಯಬಹುದು:

ಪಟ್ಟಿ[(ಪಟ್ಟಿ["ಮಾರುಕಟ್ಟೆ"] == "ಲಿಂಗಸುಗೂರು") & (ಪಟ್ಟಿ["ಬೆಳೆ"] == "ತೊಗರಿ") & (ಪಟ್ಟಿ["ದರ"] < 7550)]

ಯಂತ್ರ ಇಲ್ಲಿ ಸಾಲುಗಳನ್ನು ನೇರವಾಗಿ ಆರಿಸುವುದಿಲ್ಲ. ಮೊದಲ ಷರತ್ತಿಗೆ ಇಡೀ ಪಟ್ಟಿಯಷ್ಟೇ ಉದ್ದದ ಹೊಸ ಅಂಕಣವೊಂದನ್ನು ಕಟ್ಟುತ್ತದೆ. ಅದರಲ್ಲಿರುವುದು ಬರೀ ನಿಜ, ಸುಳ್ಳು. ಎರಡನೆಯದಕ್ಕೆ, ಮೂರನೆಯದಕ್ಕೆ ಇನ್ನೊಂದೊಂದು. ಆಮೇಲೆ & ಚಿಹ್ನೆ ಮೂರನ್ನೂ ಸಾಲುಸಾಲಾಗಿ ಅಕ್ಕಪಕ್ಕ ಇಟ್ಟು ನೋಡುತ್ತದೆ: ನಿಜ, ನಿಜ, ನಿಜ ಇದ್ದರೆ ಸಾಲು ಉಳಿಯಿತು; ಒಂದು ಸುಳ್ಳು ಸಿಕ್ಕರೂ ಬಿತ್ತು. == ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ಪಟ್ಟಿಯಲ್ಲಿ ಯಾರೋ ‘ಲಿಂಗಸೂಗೂರು’ ಎಂದು ದೀರ್ಘ ಹಾಕಿದ್ದರೆ ಆ ಸಾಲೂ ಬಿತ್ತು. ನಮ್ಮ ಬೋರ್ಡುಗಳಲ್ಲಿ ಎರಡೂ ಬರಹ ಇವೆ. ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಈಗ ಸಿಂಧನೂರು ಮಾರುಕಟ್ಟೆಯನ್ನೂ ಸೇರಿಸೋಣ. ‘ಲಿಂಗಸುಗೂರು ಮತ್ತು ಸಿಂಧನೂರಿನ ದರ ಕೊಡಿ’ ಎಂದು ನಾವು ಕೇಳುತ್ತೇವೆ, ಕೇಳಿಸಿಕೊಂಡವರಿಗೆ ಅರ್ಥವೂ ಆಗುತ್ತದೆ. ಹಾಗೆಂದು & ಹಾಕಿದರೆ ಖಾಲಿ ಪಟ್ಟಿ ಬರುತ್ತದೆ, ಏಕೆಂದರೆ ಒಂದೇ ಸಾಲು ಎರಡೂ ಊರಿನದಾಗಿರಲು ಸಾಧ್ಯವಿಲ್ಲ. ಬೇಕಾದದ್ದು ‘ಅಥವಾ’, ಅಂದರೆ | ಚಿಹ್ನೆ.

ಅಲ್ಲೇ ಇರುವುದು ನಿಜವಾದ ಗುಂಡಿ. ಗುಣಾಕಾರ ಕೂಡಿಸುವುದಕ್ಕಿಂತ ಮೊದಲು ನಡೆಯುವಂತೆ & ಯಾವಾಗಲೂ | ಗಿಂತ ಮೊದಲು ನಡೆಯುತ್ತದೆ. ಎರಡು ಊರುಗಳನ್ನು ಒಂದು ಬ್ರಾಕೆಟ್ಟಿನಲ್ಲಿ ಕಟ್ಟದೆ ‘ಲಿಂಗಸುಗೂರು | ಸಿಂಧನೂರು & ತೊಗರಿ & 7,550ಕ್ಕಿಂತ ಕಡಿಮೆ’ ಎಂಬ ಕ್ರಮದಲ್ಲಿ ಬರೆದರೆ ತೊಗರಿಯ ಷರತ್ತೂ ದರದ ಷರತ್ತೂ ಸಿಂಧನೂರಿಗಷ್ಟೇ ಅಂಟಿಕೊಳ್ಳುತ್ತವೆ. ಲಿಂಗಸುಗೂರಿನ ಸಜ್ಜೆ, ಸೂರ್ಯಕಾಂತಿ, ಒಳ್ಳೆಯ ದರ ಸಿಕ್ಕ ತೊಗರಿ ಎಲ್ಲವೂ ಒಳಗೆ ಬಂದು ಕೂರುತ್ತವೆ. ಯಂತ್ರ ತಪ್ಪು ಎನ್ನುವುದೇ ಇಲ್ಲ. ಎರರ್ ಬಂದರೆ ಪುಣ್ಯ. ಇದು ಸದ್ದಿಲ್ಲದ ತಪ್ಪು.

ನಿಜ-ಸುಳ್ಳುಗಳ ಈ ಬೀಜಗಣಿತವನ್ನು ಜಾರ್ಜ್ ಬೂಲ್ 1854ರ ಪುಸ್ತಕದಲ್ಲಿ ವಿಸ್ತಾರವಾಗಿ ಕಟ್ಟಿಕೊಟ್ಟ. ಅವನ ಸ್ನೇಹಿತ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಮದುರೆಯಲ್ಲಿ. ‘ತೊಗರಿ ಅಥವಾ ಸಜ್ಜೆ ಅಲ್ಲದ್ದು’ ಎಂದರೆ ‘ತೊಗರಿಯೂ ಅಲ್ಲ, ಸಜ್ಜೆಯೂ ಅಲ್ಲ’ ಎಂಬ ನಿಯಮ ಅವನ ಹೆಸರಿನಲ್ಲೇ ಇದೆ. ‘ಅಲ್ಲ’ ಒಳಗೆ ಹೋದಾಗ ‘ಅಥವಾ’ ಇದ್ದದ್ದು ‘ಮತ್ತು’ ಆಗುತ್ತದೆ.

‘ಅಲ್ಲ’ಕ್ಕೆ ಪಾಂಡಾಸ್‌ನಲ್ಲಿ ~ ಚಿಹ್ನೆ. ಅದನ್ನು ಬಳಸುವಾಗ ಖಾಲಿ ಕೋಶಗಳ ಮೇಲೆ ಕಣ್ಣಿರಲಿ. ಮಾರುಕಟ್ಟೆಗೆ ರಜೆ, ದರದ ಕೋಶ ಖಾಲಿ ಎಂದುಕೊಳ್ಳಿ. ‘7,550ಕ್ಕಿಂತ ಕಡಿಮೆಯೇ?’ ಎಂದರೆ ಉತ್ತರ ಸುಳ್ಳು. ‘7,550 ಅಥವಾ ಹೆಚ್ಚೇ?’ ಅದಕ್ಕೂ ಸುಳ್ಳು. ಆದರೆ ಮೊದಲ ಷರತ್ತಿಗೆ ~ ಹಚ್ಚಿದರೆ ಆ ಸುಳ್ಳು ನಿಜವಾಗಿ, ಒಂದು ಕಾಳೂ ಮಾರಾಟವಾಗದ ದಿನ ‘ಬೆಂಬಲ ಬೆಲೆ ಸಿಕ್ಕ ದಿನ’ ಆಗಿಬಿಡುತ್ತದೆ. ಎಸ್‌ಕ್ಯುಎಲ್ ಎಂಬ, ಪಟ್ಟಿಗಳನ್ನು ಪ್ರಶ್ನಿಸುವ ಇನ್ನೊಂದು ಭಾಷೆ ಇಲ್ಲಿ ಹೆಚ್ಚು ಎಚ್ಚರದ್ದು. ಗೊತ್ತಿಲ್ಲದ್ದಕ್ಕೆ ‘ಅಲ್ಲ’ ಸೇರಿಸಿದರೂ ಅದು ಗೊತ್ತಿಲ್ಲದ್ದಾಗಿಯೇ ಉಳಿಯುತ್ತದೆ, ಸಾಲು ಆಯ್ಕೆಯಾಗುವುದಿಲ್ಲ. ನನ್ನ ಮತ ಎಸ್‌ಕ್ಯುಎಲ್ ಕಡೆಗೇ.

ಪಟ್ಟಿ ತಯಾರಿಸುವವರಲ್ಲಿ ಒಂದು ಕೋರಿಕೆ: ರಜೆಯ ದಿನದ ದರದ ಕೋಶವನ್ನು ಖಾಲಿ ಬಿಡಿ, ಸೊನ್ನೆ ತುಂಬಬೇಡಿ. ಸೊನ್ನೆಯೂ 7,550ಕ್ಕಿಂತ ಕಡಿಮೆಯೇ. ಯಂತ್ರ ಅದನ್ನೂ ರೈತನಿಗೆ ನಷ್ಟವಾದ ದಿನವೆಂದೇ ಎಣಿಸುತ್ತದೆ.