ಊರಲ್ಲಿದ್ದ ವಾಕಿಂಗ್ ಇಲ್ಲಿ ಯಾಕೆ ನಿಂತುಹೋಯ್ತು? ದಿನನಿತ್ಯದ ಅಭ್ಯಾಸಗಳ ವಿಜ್ಞಾನ

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯ ಬೇಸ್‌ಮೆಂಟಿನಲ್ಲಿರೋ ಟ್ರೆಡ್‌ಮಿಲ್ ಮೇಲೆ ಈಗ ಏನಿದೆ? ಒಣಗಿಸೋಕೆ ಹಾಕಿದ ಬಟ್ಟೆ ಇದ್ದರೆ ನಾಚಿಕೊಳ್ಳಬೇಡಿ, ನಮ್ಮ ಮನೇಲೂ ಅದೇ ಕಥೆ.

ವಾಷಿಂಗ್ಟನ್ ಹತ್ತಿರದ ಆಶ್‌ಬರ್ನ್ ಇರಲಿ, ಅಟ್ಲಾಂಟಾ ಹತ್ತಿರದ ಆಲ್ಫರೆಟ್ಟಾ ಇರಲಿ, ನಾರ್ತ್ ಕೆರೊಲೈನಾದ ಕ್ಯಾರಿ ಇರಲಿ, ನಾಲ್ಕು ಜನ ಕನ್ನಡದವರು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತೆ: "ಊರಲ್ಲಿದ್ದಾಗ ದಿನಾ ನಡೀತಿದ್ವಿ, ಇಲ್ಲಿಗೆ ಬಂದ್ಮೇಲೆ ಸೋಮಾರಿಗಳಾಗಿಬಿಟ್ವಿ." ಸ್ವಲ್ಪ ವರ್ಷ ಕಳೆದ ಮೇಲೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳ್ತಾರೆ, ಎ1ಸಿ 5.7 ದಾಟಿದೆ, ಇದು ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅವತ್ತೇ ಹೊಸ ಶೂ ಬರುತ್ತೆ. ಎರಡು ವಾರಕ್ಕೆ ಉತ್ಸಾಹ ಇಳಿಯುತ್ತೆ. ಆಮೇಲೆ ನಮ್ಮನ್ನ ನಾವೇ ಬೈದುಕೊಳ್ತೀವಿ: ಹುಟ್ಟುಗುಣ ಸುಟ್ಟರೂ ಹೋಗಲ್ಲ!

ಆದರೆ ತಪ್ಪು ಗುಣದ್ದಲ್ಲ, ಬಹುಪಾಲು ಜಾಗದ್ದು. ಇದನ್ನ ಇವತ್ತು ಬಿಡಿಸಿ ನೋಡೋಣ.

ನಾರ್ತ್ ಕೆರೊಲೈನಾದ ಡರ್ಹಮ್‌ನಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಗ ವೆಂಡಿ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಇದ್ದರು. ದಿನಚರಿ ಬರೆಸಿ ಮಾಡಿದ ಅಧ್ಯಯನಗಳಲ್ಲಿ ಅವರಿಗೆ ಕಂಡಿದ್ದು ಇದು: ನಾವು ಮಾಡುವ ಕೆಲಸಗಳಲ್ಲಿ ಸುಮಾರು 45% ಹೆಚ್ಚುಕಮ್ಮಿ ದಿನಾ, ಅದೇ ಜಾಗದಲ್ಲಿ ಮರುಕಳಿಸುತ್ತವೆ. ಹಲವು ಸಲ ಕೈ ಕೆಲಸ ಮಾಡ್ತಿರುತ್ತೆ, ಮನಸ್ಸು ಬೇರೆಲ್ಲೋ ಇರುತ್ತೆ. ಒಂದೇ ಸನ್ನಿವೇಶದಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿದಾಗ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಅವೆರಡನ್ನೂ ಗಂಟು ಹಾಕುತ್ತೆ. ಆಮೇಲೆ ಸನ್ನಿವೇಶ ಕಂಡರೆ ಸಾಕು, ಕೆಲಸ ತಾನಾಗೇ ಶುರುವಾಗುತ್ತೆ. ಆ ಸನ್ನಿವೇಶವನ್ನೇ ನಾವು ಇಲ್ಲಿ 'ಸುಳಿವು' ಅಂತ ಕರೆಯೋಣ.

ಹಾಗಾದ್ರೆ ಸುಳಿವೇ ಮಾಯವಾದರೆ? 2005ರಲ್ಲಿ ವುಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರುವ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿವಿ ನೋಡುವ ಅಭ್ಯಾಸಗಳನ್ನ ಮೊದಲೂ ಆಮೇಲೂ ಗಮನಿಸಿದರು. ಹೊಸ ಜಾಗದಲ್ಲೂ ಹಳೆಯಂಥದ್ದೇ ಸನ್ನಿವೇಶ ಸಿಕ್ಕಿದವರ ಅಭ್ಯಾಸ ಉಳೀತು. ಸನ್ನಿವೇಶ ಬದಲಾದವರ ಅಭ್ಯಾಸ ಮುರಿದುಬಿತ್ತು. ಅಲ್ಲಿಂದ ಮುಂದೆ ಅವರು ಪ್ರತಿ ಸಲವೂ ಬೇಕೆಂದೇ ತೀರ್ಮಾನ ಮಾಡಿ ಆ ಕೆಲಸ ಮಾಡಬೇಕಾಯ್ತು.

ಈಗ ನಮ್ಮ ಕಥೆಗೆ ಬನ್ನಿ. ಊರಲ್ಲಿ ನಾವು "ವಾಕಿಂಗ್" ಅಂತ ಹೊರಟಿದ್ದು ಕಡಿಮೆ. ಬೆಳಗ್ಗೆ ನಂದಿನಿ ಬೂತಿಗೆ ಹಾಲಿಗೆ, ಸಂಜೆ ಸೊಪ್ಪಿಗೆ, ಗುರುವಾರ ರಾಯರ ಮಠಕ್ಕೆ, ದಿನಾ ಬಸ್ ಸ್ಟಾಪಿಗೆ. ನಡಿಗೆ ಈ ಎಲ್ಲಾ ಸುಳಿವುಗಳಿಗೆ ಕಟ್ಟಿಕೊಂಡಿತ್ತು. ಇಲ್ಲಿ ಹಾಲಿಗೂ ಕಾರು, ದೇವಸ್ಥಾನಕ್ಕೂ ಕಾರು. ನಾವು ಸೂಟ್‌ಕೇಸಿನಲ್ಲಿ ಚಟ್ನಿಪುಡಿ ತಂದ್ವಿ, ಸುಳಿವುಗಳನ್ನ ತರೋಕೆ ಆಗಲಿಲ್ಲ.

ಸರಿ, ಹೊಸ ಅಭ್ಯಾಸ ಕೂರೋಕೆ ಎಷ್ಟು ದಿನ ಬೇಕು? "21 ದಿನ" ಅನ್ನೋದನ್ನ ನೀವು ಕೇಳಿರ್ತೀರಿ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗೋಕೆ ಕನಿಷ್ಠ 21 ದಿನ ಬೇಕು ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗ್ತಾ 'ಕನಿಷ್ಠ' ಅನ್ನೋ ಪದ ಬಿದ್ದುಹೋಯ್ತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನ 12 ವಾರ ಅಳೆದು ನೋಡಿದರು. ಲೆಕ್ಕ ಹಾಕಿದಾಗ ಸಿಕ್ಕಿದ್ದು ನಡುವಿನ ಅಂಕಿ 66 ದಿನ, ಕೆಲವರಿಗೆ 18, ಕೆಲವರಿಗೆ 254. ನೀರು ಕುಡಿಯೋದು ಬೇಗ ಕೂತಿತು, ವ್ಯಾಯಾಮಕ್ಕೆ ಹೆಚ್ಚು ದಿನ ಬೇಕಾಯ್ತು. ಮುಖ್ಯವಾದ ವಿಷಯ ಇನ್ನೊಂದಿದೆ: ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಅಂದ್ರೆ ಒಂದು ದಿನ ತಪ್ಪಿತು ಅಂತ ವ್ರತಭಂಗ ಆದ ಹಾಗೆ ಕೈಬಿಡಬೇಕಿಲ್ಲ.

ಇಷ್ಟೆಲ್ಲಾ ಮಾಡಿದ್ರೆ ನಿಜಕ್ಕೂ ಪ್ರಯೋಜನ ಇದೆಯಾ? ಇದಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1996ರಲ್ಲಿ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪ್ರಯೋಗ ಶುರು ಮಾಡಿತು. 27 ಕೇಂದ್ರಗಳಲ್ಲಿ ಒಂದು ವಾಷಿಂಗ್ಟನ್ನಿನಲ್ಲಿತ್ತು, ಅಂಕಿಅಂಶ ಕೂಡಿಸಿದ್ದು ರಾಕ್‌ವಿಲ್‌ನಲ್ಲಿ. ಹೊಸ್ತಿಲಲ್ಲಿದ್ದ 3,234 ಜನ. ಒಂದು ಗುಂಪಿನ ಗುರಿ ಎರಡೇ: ವಾರಕ್ಕೆ 150 ನಿಮಿಷ ಚಟುವಟಿಕೆ, ತೂಕದಲ್ಲಿ 7% ಇಳಿಕೆ. 80 ಕೆಜಿ ಇದ್ದವರಿಗೆ ಐದೂವರೆ ಕೆಜಿ ಅಷ್ಟೇ. 2002ರಲ್ಲಿ ಫಲಿತಾಂಶ ಬಂತು: ಈ ಗುಂಪಿನಲ್ಲಿ ಸಕ್ಕರೆ ಕಾಯಿಲೆ 58% ಕಡಿಮೆ, ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ 31% ಕಡಿಮೆ. ವರ್ಷಗಳು ಕಳೆದಂತೆ ಹಲವರ ತೂಕ ಮತ್ತೆ ಏರಿತು ನಿಜ. ಆದರೂ 15 ವರ್ಷದ ಲೆಕ್ಕದಲ್ಲಿ 27% ಲಾಭ ಉಳಿದಿತ್ತು.

ಇದನ್ನ ಈಗ ಅಟ್ಲಾಂಟಾದ ಸಿಡಿಸಿ ದೇಶದಾದ್ಯಂತ ಕಾರ್ಯಕ್ರಮವಾಗಿ ನಡೆಸ್ತಿದೆ. ಅದಕ್ಕೆ ಸೇರೋಕೆ ಉಳಿದವರಿಗೆ ಬಿಎಂಐ 25 ಇರಬೇಕು, ಏಷ್ಯಾ ಮೂಲದವರಿಗೆ 23 ಸಾಕು. ಯಾಕಂದ್ರೆ ನಮಗೆ ಕಡಿಮೆ ತೂಕದಲ್ಲೇ ಈ ಕಾಯಿಲೆ ಬರುತ್ತೆ. "ನಾನು ಸಣ್ಣಗಿದ್ದೀನಲ್ಲ" ಅಂತ ಸುಮ್ಮನಿರೋ ಹಾಗಿಲ್ಲ.

ಹಾಗಾದ್ರೆ ನಾಳೆಯಿಂದ ಏನು ಮಾಡೋದು? ಗುರಿಯನ್ನ ಬಿಟ್ಟು ಸುಳಿವನ್ನ ಹುಡುಕಿ. "ಐದು ಕೆಜಿ ಇಳಿಸ್ತೀನಿ" ಅನ್ನೋದಕ್ಕಿಂತ "ರಾತ್ರಿ ಊಟದ ತಟ್ಟೆ ಸಿಂಕಿಗೆ ಹಾಕಿದ ಕೂಡಲೇ ಶೂ ಹಾಕ್ತೀನಿ" ಅನ್ನೋದು ಗಟ್ಟಿ. ಊಟವಾದ ಮೇಲೆ ಅಂತ ಹೇಳೋಕೆ ಕಾರಣ ಇದೆ. ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ 60 ದಾಟಿದ ಹತ್ತು ಜನರಲ್ಲಿ ನೋಡಿದ್ದು: ಮೂರು ಊಟದ ನಂತರ 15 ನಿಮಿಷ ನಡೆದದ್ದು ರಾತ್ರಿ ಊಟದ ನಂತರದ ಸಕ್ಕರೆ ಇಳಿಸೋದ್ರಲ್ಲಿ, ಬೆಳಗ್ಗೆ ಒಟ್ಟಿಗೆ 45 ನಿಮಿಷ ನಡೆದದ್ದಕ್ಕಿಂತ ಮೇಲು. ಚಿಕ್ಕ ಅಧ್ಯಯನ ನಿಜ, ಆದರೆ ಮಾಡಿ ನೋಡೋಕೆ ಖರ್ಚಿಲ್ಲ.

ನಮಗೆ ಇನ್ನೊಂದು ಒಳ್ಳೇ ಸುಳಿವಿದೆ. ಇಲ್ಲಿ ರಾತ್ರಿ ಒಂಬತ್ತಾದಾಗ ಊರಲ್ಲಿ ಬೆಳಗಾಗಿರುತ್ತೆ, ಅಮ್ಮ ಕಾಫಿ ಕುಡೀತಾ ಫೋನಿಗೆ ಕಾಯ್ತಿರ್ತಾರೆ. ಆ ಫೋನನ್ನ ಸೋಫಾದಲ್ಲಿ ಕೂತು ಮಾಡೋ ಬದಲು ನಡೀತಾ ಮಾಡಿ. ಡಿಸೆಂಬರಿನ ಚಳಿಗೆ ಮೊದಲೇ ಬದಲಿ ಜಾಗ ಗೊತ್ತುಮಾಡಿಡಿ, ಮಾಲ್ ಆಗಲಿ, ಬಟ್ಟೆ ತೆಗೆದ ಟ್ರೆಡ್‌ಮಿಲ್ ಆಗಲಿ. ಸಕ್ಕರೆಗೆ ಈಗಾಗಲೇ ಔಷಧಿ ತಗೊಳ್ತಿದ್ದರೆ ಡಾಕ್ಟರನ್ನ ಒಂದು ಮಾತು ಕೇಳಿ. ಮನೆ ಬದಲಾಯಿಸಿದಾಗ ಅಭ್ಯಾಸ ಮತ್ತೆ ಮುರಿದರೆ ಬೈದುಕೊಳ್ಳಬೇಡಿ, ಹೊಸ ಮನೇಲಿ ಹೊಸ ಸುಳಿವು ನೋಡಿಕೊಳ್ಳಿ.

ಇವತ್ತಿಗೆ ಇಷ್ಟು. ನೀವು ಯಾವ ಸುಳಿವು ಹುಡುಕಿದ್ರಿ ಅಂತ ನಮಗೆ ಬರೆದು ತಿಳಿಸಿ. ಅಂದ ಹಾಗೆ, ಈ ಸಂಚಿಕೆಯನ್ನ ಕೂತು ಕೇಳಿದ್ದರೆ ಮುಂದಿನದ್ದನ್ನ ನಡೀತಾ ಕೇಳಿ.