ನಿಂತ ಗಾಡಿಗೆ ಓಡೋ ಎಂಜಿನ್ ಯಾಕೆ?

ಗುಬ್ಬಿ ಕಡೆಯಿಂದ ಟೊಮೆಟೊ ಹೇರಿಕೊಂಡು ಅಂತರಸನಹಳ್ಳಿ ಮಾರುಕಟ್ಟೆಗೆ ಬಂದರೆ, ಇಳಿಸುವ ಸರದಿ ಬರುವ ತನಕ ಎಂಜಿನ್ ಗುರ್ ಅನ್ನಿಸುತ್ತಲೇ ಇರೋದು ನನ್ನ ಹಳೇ ಚಾಳಿ. ಹಿಂದಿನ ಗಾಡಿ ಸಹಿಸಿಕೊಂಡಿತ್ತು. ಈಗಿನ ಬಿಎಸ್-6 ಪಿಕಪ್ ಸಹಿಸಲಿಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಹತ್ತಿಕೊಂಡಿತು. ‘ಡೀಸೆಲ್‌ಗೆ ಈ ಬಾಟ್ಲಿ ಹುಯ್ಯಿ’ ಅಂದರೊಬ್ಬರು. ಹುಯ್ದೆ. ದುಡ್ಡು ಹೋಯ್ತು, ದೀಪ ಆರಲಿಲ್ಲ.

ಮಸಿ ಉರಿದುಹೋಗಲು ಫಿಲ್ಟರ್ ಸುಮಾರು 600 ಡಿಗ್ರಿ ಕಾಯಬೇಕಂತೆ. ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆಗೆ ಅಷ್ಟು ಕಾವೆಲ್ಲಿ? ಮೆಕ್ಯಾನಿಕ್ ಮಾತು ಕೇಳಿ ಶಿರಾ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದೆ, ದೀಪ ಆರಿತು. 2020ರಿಂದ ಬಂಕಿನ ಡೀಸೆಲ್ಲಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರುವಂತಿಲ್ಲ. ಮೇಲೆ ಬಾಟ್ಲಿ ಯಾಕೆ? ಸೀಮೆಎಣ್ಣೆಯಂತೂ ಬೇಡ, ಪಂಪು ಸವೆದೀತು.

ಈಗ ಸರದಿಗೆ ನಿಂತರೆ ಕೀ ತಿರುಗಿಸಿಬಿಡುತ್ತೇನೆ. ದೂರದಿಂದ ಲೋಡಿನಲ್ಲಿ ಬಂದಿದ್ದರೆ ಮಾತ್ರ, ಟರ್ಬೊ ತಣಿಯಲಿ ಅಂತ ಒಂದು ನಿಮಿಷ ಬಿಡ್ತೀನಿ.