ನೆಲ ತೊಯ್ದಿದೆ; ಮಳೆ ಬಂದಿತ್ತೇ?

ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಆವರಣ ನಮ್ಮ ಕಡೆಯವರಿಗೆ ಬೆಳಗಿನ ತಿರುಗಾಟದ ಜಾಗ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಈ ಆವರಣದಲ್ಲಿ ದೊಡ್ಡ ದೊಡ್ಡ ಮರಗಳಿವೆ. ಚಳಿಗಾಲದ ಒಂದು ಮುಂಜಾನೆ ಅಲ್ಲಿ ನನ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಜೊತೆಯಾದ. ಮರಗಳ ಕೆಳಗಿನ ದಾರಿ ತೊಯ್ದಿತ್ತು.

"ರಾತ್ರಿ ಮಳಿ ಆಗೇತ್ರಿ ಸರ್" ಎಂದ.

"ಹೌದೇನಪಾ? ಹಂಗಾದ್ರ ಆ ಬಯಲಿನ ಮಣ್ಣು ಯಾಕ ಒಣಗೇತಿ?" ಎಂದೆ.

ಹುಡುಗ ನಿಂತ. ಮಳೆ ಬಂದಿದ್ದರೆ ಮೊದಲು ತೋಯಬೇಕಾದದ್ದು ಬಯಲು. ಕೊನೆಗೆ ತೋಯಬೇಕಾದದ್ದು ಮರದ ಬುಡ. ಇಲ್ಲಿ ಎಲ್ಲವೂ ತಿರುವುಮುರುವಾಗಿತ್ತು. ಅವನು ತಲೆಯೆತ್ತಿ ನೋಡುವುದಕ್ಕೂ ಎಲೆಯ ತುದಿಯಿಂದ ಹನಿಯೊಂದು ಹಣೆಯ ಮೇಲೆ ಬೀಳುವುದಕ್ಕೂ ಸರಿಹೋಯಿತು. "ಮಂಜರೀ ಸರ್!" ಎಂದು ನಕ್ಕ. ರಾತ್ರಿಯ ಮಂಜು ಎಲೆಗಳ ಮೇಲೆ ಕುಳಿತು, ಹನಿಗೂಡಿ, ಕೆಳಗೆ ತೊಟ್ಟಿಕ್ಕಿತ್ತು.

ವಿದ್ಯಾರ್ಥಿ ಮಿತ್ರರೇ, 'ನೆಲ ತೊಯ್ದಿದೆ' ಎನ್ನುವುದು ಕಣ್ಣು ಕಂಡ ಸಂಗತಿ. 'ಮಳೆ ಬಂದಿತ್ತು' ಎನ್ನುವುದು ಮನಸ್ಸು ಕಟ್ಟಿದ ಸಂಗತಿ. ಇವೆರಡರ ನಡುವೆ ಒಂದು ಜಿಗಿತವಿದೆ. ನಾವು ಎಷ್ಟು ಬೇಗ ಜಿಗಿಯುತ್ತೇವೆಂದರೆ, ಜಿಗಿದದ್ದೇ ನಮಗೆ ತಿಳಿಯುವುದಿಲ್ಲ.

ಈ ಜಿಗಿತಕ್ಕೆ ನಮ್ಮ ನ್ಯಾಯಶಾಸ್ತ್ರದವರು ಇಟ್ಟ ಹೆಸರು 'ಅನುಮಾನ'. ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಆದರೂ ಅಲ್ಲಿ ಬೆಂಕಿಯಿದೆ ಎಂದು ತಿಳಿಯುತ್ತೇವೆ. ಕಂಡ ಕುರುಹಿನಿಂದ ಕಾಣದ್ದನ್ನು ಅರಿಯುವುದೇ ಅನುಮಾನ. ಸ್ವಾರಸ್ಯವೆಂದರೆ, ಆಡುಮಾತಿನ ಕನ್ನಡದಲ್ಲಿ ಅನುಮಾನ ಎಂದರೆ ಸಂಶಯ! ನನಗೇನೋ ಈ ಎರಡು ಅರ್ಥಗಳು ಜೊತೆಗಿರುವುದೇ ಒಳ್ಳೆಯದೆನಿಸುತ್ತದೆ. ತೀರ್ಮಾನ ಮಾಡಬೇಕು, ಅದರ ಪಕ್ಕದಲ್ಲೇ ಸಂಶಯವನ್ನೂ ಕೂರಿಸಿಕೊಳ್ಳಬೇಕು. ಏಕೆಂದರೆ ಖಾನಾಪುರದ ಕಡೆಯ ಗುಡ್ಡದ ಮೇಲೆ ದೂರದಿಂದ ಹೊಗೆಯಂತೆ ಕಾಣುವುದು ಎಷ್ಟೋ ಸಲ ಬರೀ ಮಂಜಾಗಿರುತ್ತದೆ.

ಮಂಜಿನ ವಿಷಯದಲ್ಲಿ ತಪ್ಪಿದರೆ ನಷ್ಟವೇನಿಲ್ಲ. ಆದರೆ ಜೀವವೇ ಪಣಕ್ಕೆ ಬಿದ್ದಾಗ? ಅದಕ್ಕೆ ನಮ್ಮ ನಾಡಿನಲ್ಲೇ ನಡೆದ ಒಂದು ಉದಾಹರಣೆಯಿದೆ.

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು, ಕೆಲವರು ಸತ್ತರು. ಅದೇ ಹೊತ್ತಿಗೆ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. 'ಮಂಗನಿಂದ ಬಂದ ಕಾಯಿಲೆ' ಎಂದು ಹಳ್ಳಿಯವರು ತೀರ್ಮಾನಿಸಿದರು. ವೈದ್ಯಲೋಕಕ್ಕೆ ಬೇರೊಂದು ಭಯ ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಹೀಗೆಯೇ ಮಂಗಗಳು ಸಾಯುತ್ತವೆ. ಆ ಜ್ವರವನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿದೆ, ಆದರೆ ಜ್ವರ ಮಾತ್ರ ಇಲ್ಲಿಗೆ ಎಂದೂ ಬಂದಿರಲಿಲ್ಲ. ಈಗ ಬಂದೇಬಿಟ್ಟಿತೇ?

ಇಲ್ಲಿ ಗಮನಿಸಿ: ಈ ಎರಡು ತೀರ್ಮಾನಗಳೂ ಹುಚ್ಚು ಮಾತುಗಳಲ್ಲ. ಎರಡಕ್ಕೂ ಆಧಾರವಿತ್ತು. ಆದರೆ ಆಧಾರವಿದೆ ಎಂದ ಮಾತ್ರಕ್ಕೆ ತೀರ್ಮಾನ ನಿಜವಾಗುವುದಿಲ್ಲ. ಅದನ್ನು ಒರೆಗೆ ಹಚ್ಚಬೇಕು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು (1952ರಲ್ಲಿ ಆರಂಭವಾದ ಅದೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಕಾಡಿಗೆ ಬಂದರು. ರೋಗಿಗಳಿಂದಲೂ ಮಂಗಗಳಿಂದಲೂ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ಆಶ್ಚರ್ಯವೆಂದರೆ, ಅದು ದೂರದ ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಸ್ಸುಗಳ ಹತ್ತಿರದ ನೆಂಟನಾಗಿತ್ತು. ಆ ವೈರಸ್ಸುಗಳನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣಿ.

ಈಗ ಹೊಸ ಅನುಮಾನ: ನೆಂಟರು ಉಣ್ಣಿಯ ಮೂಲಕ ಹರಡುವುದಾದರೆ ಇದೂ ಹಾಗೆಯೇ ಹರಡುತ್ತಿರಬಹುದು. ಅದು ನಿಜವಾದರೆ ಕ್ಯಾಸನೂರಿನ ಉಣ್ಣಿಗಳಲ್ಲಿ ಈ ವೈರಸ್ ಸಿಗಲೇಬೇಕು. ಹುಡುಕಿದರು, ಸಿಕ್ಕಿತು. ಉಳಿದ ಸಂಗತಿಗಳೂ ಕೂಡಿಕೊಂಡವು. ಜ್ವರ ಬಂದವರಲ್ಲಿ ಬಹಳಷ್ಟು ಮಂದಿ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋದವರು. ಕಾಯಿಲೆ ಹೆಚ್ಚುವುದು ಎಳೆಯ ಉಣ್ಣಿಗಳು ಚುರುಕಾಗಿರುವ ಒಣ ತಿಂಗಳುಗಳಲ್ಲಿ. ಮಳೆ ಹಿಡಿದರೆ ಇಳಿಯುತ್ತದೆ.

ಹಾಗಾದರೆ ಹಳ್ಳಿಯವರು ಹೇಳಿದ್ದು ಸುಳ್ಳೇ? ಅರ್ಧ ನಿಜ. ಮಂಗ ಕಾಯಿಲೆಯ ಕುರುಹು, ಕಾರಣವಲ್ಲ. ಅದೂ ನಮ್ಮಂತೆಯೇ ಉಣ್ಣಿ ಕಚ್ಚಿ ನರಳಿದ ಪ್ರಾಣಿ. ಆದರೆ ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಅಲ್ಲೇ ಸುತ್ತಮುತ್ತ ಉದುರುವುದರಿಂದ ಆ ಜಾಗ ಅಪಾಯದ್ದು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಇದು ದೂರದ ಮಾತಲ್ಲ. 2016ರಲ್ಲಿ ಗೋವಾಕ್ಕೆ ಗೇರು ಕೆಲಸಕ್ಕೆಂದು ಹೋಗಿದ್ದ ನಮ್ಮ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲೂ ಈ ಸೋಂಕು ಕಂಡುಬಂದಿತ್ತು. ಕುರುಹಿಗೂ ಕಾರಣಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ ಜೀವ ಉಳಿದೀತು.

ಇಷ್ಟೆಲ್ಲ ಬೋಧಿಸುವ ನಾನು ಎಡವಿಲ್ಲವೇ? ಎಡವಿದ್ದೇನೆ. ಹಲವು ವರ್ಷಗಳ ಹಿಂದೆ ಪರೀಕ್ಷೆಯಲ್ಲಿ ಅಕ್ಕಪಕ್ಕ ಕುಳಿತಿದ್ದ ಇಬ್ಬರು ಹುಡುಗರ ಉತ್ತರದಲ್ಲಿ ಒಂದೇ ತಪ್ಪು ಕಂಡಿತು. ಒಂದೇ ತಪ್ಪು, ಅದೂ ಅಕ್ಷರಶಃ! ನಕಲು ಎಂದು ತೀರ್ಮಾನಿಸಿ, ಇಬ್ಬರಲ್ಲಿ ಸ್ವಲ್ಪ ಹಿಂದುಳಿದವನನ್ನು ಎಲ್ಲರೆದುರು ಬೈದೆ. ಅವನು ತಲೆ ತಗ್ಗಿಸಿ ನಿಂತ. ಒಂದು ಮಾತೂ ಆಡಲಿಲ್ಲ. ಆ ಮೌನವನ್ನೂ ನಾನು ಒಪ್ಪಿಗೆ ಎಂದೇ ಓದಿಕೊಂಡೆ. ಸಂಜೆ ಉಳಿದ ಪತ್ರಿಕೆಗಳನ್ನು ತಿದ್ದುವಾಗ ಅದೇ ತಪ್ಪು ಇನ್ನೂ ಏಳು ಮಂದಿಯಲ್ಲಿ ಸಿಕ್ಕಿತು. ಅವರು ಬೇರೆ ಬೇರೆ ಸಾಲುಗಳಲ್ಲಿ ಕುಳಿತವರು. ಟಿಪ್ಪಣಿ ಪುಸ್ತಕ ತರಿಸಿ ನೋಡಿದರೆ, ತಪ್ಪು ನನ್ನದೇ! ಕರಿಹಲಗೆಯ ಮೇಲೆ ನಾನೇ ಒಂದು ಪದ ಬಿಟ್ಟು ಬರೆದಿದ್ದೆ. ಮಕ್ಕಳು ಅದನ್ನೇ ನಿಷ್ಠೆಯಿಂದ ಕಲಿತಿದ್ದರು. ಮರುದಿನ ಎಲ್ಲರೆದುರೇ ಆ ಹುಡುಗನ ಕ್ಷಮೆ ಕೇಳಿದೆ. 'ಇರಲಿ ಬಿಡ್ರಿ ಸರ್' ಎಂದ. ಆದರೆ ನಾನು ಅದನ್ನು ಇಂದಿಗೂ ಮರೆತಿಲ್ಲ.

ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಗಳು ಎರಡೇ. ಇದಕ್ಕೆ ಬೇರೆ ಕಾರಣ ಇರಬಹುದೇ? ನನ್ನ ತೀರ್ಮಾನ ನಿಜವಾಗಿದ್ದರೆ ಇನ್ನೇನು ಕಾಣಬೇಕು, ಅದು ಕಾಣುತ್ತಿದೆಯೇ? ವ್ಯಾಕ್ಸಿನ್ ಡಿಪೊದ ಹುಡುಗ ಬಯಲನ್ನು ನೋಡಿದ್ದು, ಪುಣೆಯ ವಿಜ್ಞಾನಿಗಳು ಉಣ್ಣಿಯನ್ನು ಹುಡುಕಿದ್ದು ಈ ಎರಡನೆಯ ಪ್ರಶ್ನೆಗೇ.

ಪಾಲಕರಲ್ಲಿ ಒಂದು ಮಾತು. ಅಂಕ ಕಡಿಮೆ ಬಂದರೆ 'ಓದಿಲ್ಲ' ಎನ್ನುತ್ತೇವೆ. ಹಲಗೆಯ ಅಕ್ಷರ ಮಗುವಿಗೆ ಕಾಣುತ್ತಿಲ್ಲದೆಯೂ ಇರಬಹುದು. ತಡವಾಗಿ ಮನೆಗೆ ಬಂದರೆ 'ತಿರುಗಲು ಹೋಗಿದ್ದ' ಎನ್ನುತ್ತೇವೆ, ಬಸ್ಸೇ ಬಂದಿರಲಿಕ್ಕಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮುಂದಿನ ಸಲ ಮಗುವನ್ನು ಬೈಯುವ ಮುನ್ನ ಒಮ್ಮೆ ಬಯಲಿನ ಮಣ್ಣನ್ನೂ ಮುಟ್ಟಿ ನೋಡೋಣ. ಅದು ಒಣಗಿದ್ದರೆ, ಮಳೆ ಬಂದಿಲ್ಲ.